ಚಹಾ ಬಟ್ಟೆಯ ಏಳನೆಯ ತುಂಡು

ಮಾರ್ಚ್ ೧೪, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ. ಹೋಟೆಲುಗಳು ಚೆಲ್ಲುವ ಚಹಾದಲ್ಲಿ ಬ್ಯಾಕ್ಟೀರಿಯಾಗಳಿಂದ ಪದರವಾಗಿ ಬೆಳೆಸಿದ ಬಟ್ಟೆಯ ಏಳನೆಯ ತುಂಡನ್ನು ಸಂಶೋಧಕಿ ಎಳೆಯುವ ಯಂತ್ರಕ್ಕೆ ಸಿಕ್ಕಿಸಿದಳು. ಹಿಂದಿನ ಆರು ತುಂಡುಗಳೂ ನಾಲ್ಕು ಕಿಲೋ ಎಳೆತಕ್ಕೇ ಸೂಜಿಯ ತೂತುಗಳ ಸಾಲಿನಲ್ಲಿ ಹರಿದಿದ್ದವು. ಈ ಹೊಲಿಗೆಯೂ ಹತ್ತು ಕಿಲೋ ತಡೆಯದಿದ್ದರೆ ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ.

ಹೊಲಿದುಕೊಟ್ಟಿದ್ದ ದರ್ಜಿ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಅವೆಲ್ಲ ಒಣ ಎಲೆ ಹೊಲಿದ ಹಾಗಿತ್ತು ಕಣೇ. ಇದನ್ನ ಹಸಿ ಇದ್ದಾಗಲೇ ಹೊಲಿದೆ. ಒಣಗ್ತಾ ತೂತೇ ದಾರ ಕಚ್ಕೊಂಡಿದೆ, ನೋಡು."

"ಪುಸ್ತಕದಲ್ಲಿ ಹಾಗಿಲ್ಲ ಅತ್ತೆ."

"ಪುಸ್ತಕ ಬರೆದೋರು ಒಂದು ಗುಂಡೀನಾದ್ರೂ ಹೊಲಿದಿದ್ರಾ?"

ಯಂತ್ರ ಎಳೆಯತೊಡಗಿತು. ಅಂಕಿ ನಾಲ್ಕನ್ನು ದಾಟಿತು. ಅತ್ತೆ ದಾರ ಕಡಿಯುವವರಂತೆ ಹಲ್ಲು ಕಚ್ಚಿದರು. ಕೊನೆಗೆ ಹರಿದದ್ದು ಹೊಲಿಗೆಯಲ್ಲ, ಅದರ ಪಕ್ಕದ ಬಟ್ಟೆ. ಹನ್ನೊಂದು ಕಿಲೋ ಆರುನೂರು ಗ್ರಾಂ.