ಬಾಗಿಲ ಬಳಿಯ ಟ್ರಂಕು

ಕಡಲಾಚೆ ವರ್ಷಗಟ್ಟಲೆ ನಡೆಯುತ್ತಿದ್ದ ಯುದ್ಧದಿಂದ ನಮ್ಮ ಸೈನ್ಯ ವಾಪಸ್ ಬರಬೇಕೇ ಎಂದು ಟೀವಿಯಲ್ಲಿ ಮತ್ತೆ ಚರ್ಚೆ. ಅಲ್ಲಿಂದ ರಜೆಗೆ ಬಂದಿದ್ದ ಸಿಪಾಯಿ ಮಗ ಉಣ್ಣುತ್ತಿದ್ದ.

“ಈಗ ಬಿಟ್ಟು ಬಂದ್ರೆ ಸತ್ತೋರ ಜೀವಕ್ಕೇನು ಬೆಲೆ?” ಎಂದರು ಮಾಜಿ ಸೈನಿಕ ಅಪ್ಪ.

“ಬದುಕಿರೋರ ಜೀವಕ್ಕೆ ಇದೆಯೇನ್ರೀ ಬೆಲೆ?” ಎಂದಳು ಅಮ್ಮ.

ಅಷ್ಟರಲ್ಲಿ ಸುದ್ದಿ ಬಂತು. ಸೈನ್ಯವನ್ನು ವಾಪಸ್ ಕರೆಸಿಕೊಳ್ಳುವುದು ಖಚಿತವಾಗಿತ್ತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಯಾವಾಗ ಕರೆ ಬಂದರೂ ಹೊರಡಲೆಂದು ರಜೆಯುದ್ದಕ್ಕೂ ಬಾಗಿಲ ಬಳಿಯೇ ಇಟ್ಟಿದ್ದ ಮಗನ ಟ್ರಂಕನ್ನು ಅಟ್ಟಕ್ಕೇರಿಸಲು ಎತ್ತಿಕೊಂಡಳು. ಅಪ್ಪ ಮಾತ್ರ ಮಗನ ಫೋನನ್ನೇ ನೋಡುತ್ತಾ ಕೂತರು.

ಅದು ರಿಂಗಾಯಿತು. ಮಗ ಎದ್ದು ನಿಂತು, “ಜೀ ಸಾಬ್” ಎಂದಷ್ಟೇ ಹೇಳಿ ಇಟ್ಟ.

“ಟ್ರಂಕು ಅಲ್ಲೇ ಇಡಮ್ಮ. ಅಲ್ಲಿಂದ ಎಲ್ಲಾರೂ ಹೊರಟು ಬರೋ ತನಕ ದಾರಿಗೆ ಕಾವಲು ನಿಲ್ಲೋಕೆ ನಮ್ಮ ತುಕಡಿ ಹೋಗ್ಬೇಕಂತೆ.”