ಗೇಟು ತೆರೆದವರ ಹೆಸರು

ಎಂಜಿನಿಯರ್ ಸಂಜೀವಕುಮಾರ ಸಾಹೇಬರು ಸಿದ್ದಲಿಂಗನ ಸಸ್ಪೆಂಡ್ ಆರ್ಡರಿಗೆ ಸಹಿ ಹಾಕಲು ಪೆನ್ನು ತೆಗೆದಾಗ, ಕಾಲುವೆ ಗೇಟುಗಳ ಕಂಪ್ಯೂಟರ್ ತಪಾಸಣೆಗೆ ಬಂದಿದ್ದ ವಿದ್ಯಾವತಿ, “ತಡೀರಿ ಸರ್, ನನ್ನ ಕೆಲಸ ಮುಗದಿಲ್ಲ” ಎಂದಳು.

“ಇನ್ನೇನ್ ಉಳದೈತ್ರಿ ಮೇಡಂ? ರಾತ್ರಿ ಗೇಟ್ ತಗದವನ ಹೆಸರು ಕಂಪ್ಯೂಟರಿನ್ಯಾಗ ಐತಿ. ಇವಂದೇ.”

“ನಮ್ಮ ಬೀಗರ ಹೊಲಾನೂ ಇಂಡಿ ಕಡೇನ ಐತ್ರಿ,” ಎಂದ ಗೇಟಿನ ಆಪರೇಟರ್ ಸಿದ್ದಲಿಂಗ. “ಅವರ ಶೇಂಗಾ ಒಣಗಿಸಿ ಯಾವ ಮಾರಿ ಹೊತ್ಕೊಂಡ ಅವರ ಮನಿಗಿ ಹೋಗ್ಲಿ?”

ಕಾಲುವೆಯ ಕೊನೆಗಿರುವ ಇಂಡಿಗೆ ಮುಟ್ಟಬೇಕಾದ ನೀರು ಆ ಗೇಟಿನಿಂದ ಕಬ್ಬಿನ ಹೊಲಗಳಿಗೆ ತಿರುಗಿತ್ತು. ಕಬ್ಬು ಯಾರದೆಂದು ನಿಡಗುಂದಿಯಿಂದ ಇಂಡಿಯವರೆಗೆ ಎಲ್ಲರಿಗೂ ಗೊತ್ತು. ಆ ಸಾಹುಕಾರರನ್ನು ಒಂದು ಮಾತು ಕೇಳಿದವರಿಲ್ಲ. ವಿಚಾರಣೆ ಬಂದು ಬಿದ್ದದ್ದು ಸಿದ್ದಲಿಂಗನ ಕೊರಳಿಗೆ.

ತಪಾಸಣೆಗೆ ಬರುವವರು ಚುರಮುರಿ ಭಜಿ ತಿಂದು, ಎಲ್ಲ ಸರಿ ಇದೆ ಎಂದು ಬರೆದು ಹೋಗುವುದನ್ನೇ ಗೇಟಿನ ಪಕ್ಕದ ಆ ಕಂಟ್ರೋಲ್ ಕೋಣೆ ಕಂಡಿತ್ತು. ಈಕೆ ಬೆಳಗಿನಿಂದ ಚಹಾ ಕೂಡ ಮುಟ್ಟದೆ ಒಂದೊಂದು ವೈರು ಹಿಡಿದು ನೋಡಿದ್ದಳು.

“ಎಲ್ಲಾರಿಗೂ ಒಂದೇ ಪಾಸ್‌ವರ್ಡ್ ಇಟ್ಟೀರಿ ಸರ್. ಅದೂ ಗುತ್ತಿಗೆದಾರ ಹಾಕಿಕೊಟ್ಟ ಹೋಗಿದ್ದು. ಅದು ಗೊತ್ತಿದ್ದಾವ ಮನ್ಯಾಗ ಮಲಕೊಂಡು ಯಾರ ಹೆಸರಿನ್ಯಾಗರೆ ಗೇಟ್ ತಗೀಬಹುದು.”

“ಅದೆಲ್ಲ ಸಿನಿಮಾದಾಗ.”

“ಹಂಗಾರ ಇಬ್ರೂ ಇಲ್ಲೇ ಕೂಡ್ರಿ. ಪರೀಕ್ಷಾ ಮಾಡಾಕ ಮ್ಯಾಲಿನವರ ಒಪ್ಪಿಗಿ ಐತಿ. ಸಿದ್ದಲಿಂಗಣ್ಣ, ನೀವು ಊಟಾ ಮಾಡ್ರಿ.”

ಲ್ಯಾಪ್‌ಟಾಪ್ ಬಗಲಿಗೇರಿಸಿ ಅವಳು ಸೇತುವೆ ದಾಟಿ, ಆಚೆ ದಂಡೆಯ ಬೇವಿನ ಮರದ ಕೆಳಗೆ ಹೋಗಿ ಕೂತಳು. ಸಿದ್ದಲಿಂಗ ಬುತ್ತಿ ಬಿಚ್ಚಿದ.

ಹೊರಗೆ ಗೇಟು ನರಳಿತು. ಗೇಣುದ್ದ ಮೇಲೆದ್ದಿತು. ಪರದೆಯ ಮೇಲೆ ಸಾಲು ಮೂಡಿತು: ‘ತೆರೆದವರು: ಸಿದ್ದಲಿಂಗ.’

ಸಾಹೇಬರು ತಿರುಗಿ ನೋಡಿದರು. ಸಿದ್ದಲಿಂಗನ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಉಳ್ಳಾಗಡ್ಡಿ.

“ಇದು... ಏನರೆ ಕೆಟ್ಟಿರಬೇಕು ಬಿಡು,” ಎಂದರು.

ಗೇಟು ಮತ್ತೆ ನರಳಿತು, ಕೆಳಗಿಳಿಯಿತು. ಪರದೆಯ ಮೇಲೆ ಇನ್ನೊಂದು ಸಾಲು: ‘ಮುಚ್ಚಿದವರು: ಸಂಜೀವಕುಮಾರ.’

ಕೋಣೆಯಲ್ಲಿ ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಸಾಹೇಬರು ಮಾತ್ರ ಎರಡೂ ಕೈ ಮೇಲೆತ್ತಿ, ಅಂಗೈಗಳನ್ನು ಸಿದ್ದಲಿಂಗನಿಗೆ ತೋರಿಸುತ್ತ ನಿಂತಿದ್ದರು.