ಹಸಿರು ಬಂದರೆ ಸಾಕು

ವಾರ್ಡ್ ಕಚೇರಿಯ ಕಂಪ್ಯೂಟರ್ ಪರದೆಯಲ್ಲಿ ಏನೇ ಹುಡುಕಿದರೂ ಒಳ್ಳೆಯ ಉತ್ತರ ಹಸಿರಾಗಿ, ಕೆಟ್ಟದ್ದು ಕೆಂಪಾಗಿ ಬರುತ್ತಿದ್ದುದರಿಂದ ಊರಿನವರು ಅಕ್ಷರ ಓದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಓದುವ ಚಟ ಉಳಿದಿದ್ದುದು ಕಾಶವ್ವ ಒಬ್ಬಳಿಗೇ.

ಅವಳು ನಳದ ನೀರಿನ ಕೊಡವನ್ನು ಕಚೇರಿಯಲ್ಲಿ ಇಳಿಸಿ, ತನ್ನ ಓಣಿಯ ನೀರು ಹೇಗಿದೆ ಎಂದು ಹುಡುಕಿಸಿದಳು. ಉತ್ತರ ಕೆಂಪಗೆ ಬಂತು. ಅಂದೇ ಸಾಹೇಬರ ತಪಾಸಣೆ. ಗುಮಾಸ್ತ ಚನ್ನವೀರ ಗಡಬಡಿಸಿ ಅದನ್ನು ಹಸಿರು ಮಾಡಿ, ಅಕ್ಷರವನ್ನೂ ದಪ್ಪ ಮಾಡಿದ.

"ನೀರು ಚಲೋ ಆತು ನೋಡಬೇ."

"ವಿಷ ಐತಿ, ಕುಡಿಯಬ್ಯಾಡ್ರಿ ಅಂತ ಬರದೈತಲ್ಲೋ."

"ನಿನಗ ಓದು ಅಂದವರು ಯಾರು?"

ಅಷ್ಟರಲ್ಲಿ ಬಂದ ಸಾಹೇಬರು ಹಸಿರು ಕಂಡು ಹಿಗ್ಗಿ, ಆ ಓಣಿಯ ನೀರನ್ನೇ ಕುಡಿಯಲು ಕೇಳಿದರು. ಕಾಶವ್ವ ಕೊಡ ಬಗ್ಗಿಸಿ ಲೋಟ ತುಂಬಿ, ಚನ್ನವೀರನ ಮುಂದೆ ಹಿಡಿದಳು.

"ಸಾಹೇಬರಿಗೆ ಕೊಡೂ ಮೊದಲ ನೀ ಕುಡಿದು ತೋರಸಪಾ. ಹಸಿರು ಮಾಡಿದಾಂವ ನೀನ ಅಲ್ಲೇನು?"